ಸಿಸ್ಟಮ್ ಡೌನ್ ಆದಾಗ ಉಳಿದದ್ದು

2005ರ ಆಸುಪಾಸಿನಲ್ಲಿ ನಾನು ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ಟ್ರೇನರ್ ಆಗಿದ್ದೆ. ಅಲ್ಲಿ ಕಲಿಸುವುದಕ್ಕೆ ನಮ್ಮ ಬಳಿ ಇದ್ದ ಅತಿ ಒಳ್ಳೆಯ ಸಾಮಾನು ಅಂದರೆ ವೈ ಜ್ಯಾಕ್. ವೈ ಅಕ್ಷರದ ಹಾಗೆ ಕವಲೊಡೆದ ಒಂದು ವೈರು, ಒಂದು ಫೋನಿಗೆ ಎರಡು ಹೆಡ್‌ಸೆಟ್. ಹೊಸಬರು ಹಳಬರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಮೈಕ್ ಮ್ಯೂಟ್ ಮಾಡಿಕೊಂಡು, ರಾತ್ರಿಯಿಡೀ ಕಿವಿಗೊಟ್ಟು ಕೂರಬೇಕು. ಕ್ಲಾಸಿನಲ್ಲಿ ನಾನು ಮೂರು ವಾರ ಗಂಟಲು ಹರಿದುಕೊಂಡರೂ ತಲೆಗೆ ಹೋಗದ್ದು ಅಲ್ಲಿ ಮೂರು ರಾತ್ರಿಗೆ ಹೋಗುತ್ತಿತ್ತು.

ಆ ಫ್ಲೋರಿನಲ್ಲಿ ಶಿವಮೊಗ್ಗ ಕಡೆಯ ಒಬ್ಬ ಹುಡುಗನಿದ್ದ. ಅಮೆರಿಕದ ಮನೆಗಳಲ್ಲಿ ಇಂಟರ್‌ನೆಟ್ ಕೆಟ್ಟರೆ ನಮಗೆ ಕಾಲ್ ಬರುತ್ತಿತ್ತು. ಮೋಡೆಮ್ ಆಫ್ ಮಾಡಿ, ಮೂವತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ ಅನ್ನುವುದು ಸ್ಕ್ರಿಪ್ಟಿನ ಮೊದಲ ಸಾಲು. ಅವನು ಅದಕ್ಕೂ ಮುಂಚೆ, ಬಹಳ ನಯವಾಗಿ, ಮನೆ ಕ್ಲೀನ್ ಮಾಡಿದಿರಾ ಅಂತ ವಿಚಾರಿಸುತ್ತಿದ್ದ. ಸೋಮವಾರದ ಕಾಲ್‌ಗಳಲ್ಲಿ ಎಷ್ಟೋ ಸಲ ಭಾನುವಾರ ವ್ಯಾಕ್ಯೂಮ್ ಕ್ಲೀನರ್ ಎಳೆದಾಡುವಾಗ ಸಡಿಲವಾದ ವೈರೇ ಸಮಸ್ಯೆ. ಈ ಪ್ರಶ್ನೆ ಯಾವ ಮ್ಯಾನ್ಯುಯಲ್ಲಿನಲ್ಲೂ ಇರಲಿಲ್ಲ. ಎಲ್ಲಿ ಕಲಿತೆ ಅಂತ ಕೇಳಿದರೆ, "ಗೊತ್ತಿಲ್ಲ ಸಾರ್, ಕಾಲ್ ತಗೊಳ್ತಾ ತಗೊಳ್ತಾ ಬಂತು" ಅಂದಿದ್ದ. ಅವನ ಪಕ್ಕ ವೈ ಜ್ಯಾಕ್ ಹಾಕಿ ಕೂತವರಿಗೆ ಅದು ಸಿಕ್ಕಿತು. ಉಳಿದವರಿಗೆ ಸಿಗಲಿಲ್ಲ. ಅವನು ಕೆಲಸ ಬಿಟ್ಟು ಹೋದಾಗ ಆ ಪ್ರಶ್ನೆಯೂ ಅರ್ಧ ಅವನ ಜೊತೆಗೇ ಹೋಯಿತು.

ನಾನು ಈಗಿರುವ ಕಂಪನಿಗೆ ಕಳೆದ ವರ್ಷ ಎಐ ಸಹಾಯಕವನ್ನು ತರುವ ಮಾತು ಬಂತು. ಹೊಸಬರ ತರಬೇತಿಗೂ ಅದನ್ನೇ ಬಳಸಬೇಕು ಅನ್ನುವ ಪ್ರಸ್ತಾಪವಿತ್ತು. ಆಗ ನಾನು ಮೀಟಿಂಗಿಗೆ ಹಿಡಿದುಕೊಂಡು ಹೋದದ್ದು ಒಂದೇ ಪ್ರಕರಣ. ಕೆಲಸದ ಜಾಗದ ಕಲಿಕೆಯಲ್ಲಿ ಎಐ ಏನು ಮಾಡಬಲ್ಲದು ಎಂಬುದಕ್ಕೆ ಅದರಷ್ಟು ವಿವರವಾಗಿ ಅಳೆದ ಬೇರೆ ಪ್ರಕರಣ ನನ್ನ ಕಣ್ಣಿಗೆ ಬಿದ್ದಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಡುನಡುವೆ ನಮ್ಮ ಫ್ಲೋರಿನ ಕತೆಯೂ ಬರುತ್ತದೆ.

ಕಂಪನಿ, ಕೆಲಸ, ಯಂತ್ರ

ಸ್ಟ್ಯಾನ್‌ಫರ್ಡಿನ ಎರಿಕ್ ಬ್ರಿನ್ಯಾಲ್ಫ್‌ಸನ್, ಎಂಐಟಿಯ ಡ್ಯಾನಿಯೆಲ್ ಲೀ ಮತ್ತು ಲಿಂಡ್ಸೆ ರೇಮಂಡ್ ಸೇರಿ ಮಾಡಿದ ಅಧ್ಯಯನ ಇದು. 2023ರ ಏಪ್ರಿಲ್‌ನಲ್ಲಿ ಕರಡಾಗಿ ಹೊರಬಂತು, 2025ರಲ್ಲಿ ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್‌ನಲ್ಲಿ ಅಚ್ಚಾಯಿತು. ಕಂಪನಿಯ ಹೆಸರನ್ನು ಅವರು ಬಿಟ್ಟುಕೊಟ್ಟಿಲ್ಲ. ಅಮೆರಿಕದ ಸಣ್ಣ, ಮಧ್ಯಮ ವ್ಯಾಪಾರಿಗಳಿಗೆ ಸಾಫ್ಟ್‌ವೇರ್ ಮಾರುವ ದೊಡ್ಡ ಸಂಸ್ಥೆ ಎಂದಷ್ಟೇ ಹೇಳಿದ್ದಾರೆ. ಸಪೋರ್ಟ್ ಕೊಡುವ ಏಜೆಂಟರಲ್ಲಿ ಹೆಚ್ಚಿನವರು ಫಿಲಿಪ್ಪೀನ್ಸಿನವರು. ಫೋನ್ ಇಲ್ಲ, ಎಲ್ಲ ಚಾಟ್. ಒಂದೊಂದು ಚಾಟ್ ಸರಾಸರಿ 40 ನಿಮಿಷ ಹಿಡಿಯುತ್ತದೆ. ಬ್ಯಾಲೆನ್ಸ್ ಎಷ್ಟು, ಕಾರ್ಡ್ ಬ್ಲಾಕ್ ಮಾಡಿ ಅನ್ನುವ ಥರದ ಕೆಲಸ ಅಲ್ಲ ಅಂತಾಯಿತು. ಗ್ರಾಹಕ ಹೇಳುವ ಗೋಜಲಿನಲ್ಲಿ ನಿಜವಾದ ಸಮಸ್ಯೆ ಯಾವುದೆಂದು ಹುಡುಕುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ.

2020ರ ಕೊನೆಯಿಂದ ಇವರಿಗೆ ಒಂದು ಸಹಾಯಕವನ್ನು ಕೊಡುತ್ತ ಬಂದರು. ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್‌ನಲ್ಲಿ ಎಂಬುದನ್ನು ನೆನಪಿಟ್ಟುಕೊಳ್ಳಿ. ಇದು ಅದಕ್ಕೂ ಎರಡು ವರ್ಷ ಹಿಂದಿನ ಮಾತು. ಒಳಗೆ ಇದ್ದದ್ದು ಜಿಪಿಟಿ-3 ಕುಟುಂಬದ ಮಾಡೆಲ್. ಅದಕ್ಕೆ ಈ ಕಂಪನಿಯದೇ ಹಳೆಯ ಚಾಟ್‌ಗಳನ್ನು ಉಣಿಸಿ ತಿದ್ದಿದ್ದರು. ಯಾವ ಚಾಟಿನಲ್ಲಿ ಸಮಸ್ಯೆ ಬಗೆಹರಿಯಿತು, ಎಷ್ಟು ಬೇಗ ಬಗೆಹರಿಯಿತು, ಅದನ್ನು ನಿಭಾಯಿಸಿದವರು ಫ್ಲೋರಿನ ಗಟ್ಟಿಗರೋ ಸಾಧಾರಣದವರೋ ಎಂಬ ಗುರುತಿನ ಸಮೇತ. ಅಂದರೆ ಗಟ್ಟಿಗರು ಏನು ಮಾಡುತ್ತಾರೆ, ಉಳಿದವರು ಏನು ಮಾಡುವುದಿಲ್ಲ ಎಂಬ ವ್ಯತ್ಯಾಸವನ್ನು ಯಂತ್ರ ಹೆಕ್ಕಿಕೊಂಡಿತು. ಆ ವ್ಯತ್ಯಾಸವನ್ನು ಗಟ್ಟಿಗರೇ ಬಾಯಿಬಿಟ್ಟು ಹೇಳಲಾರರು. ನಮ್ಮ ಶಿವಮೊಗ್ಗದ ಹುಡುಗನ ಹಾಗೆ.

ಚಾಟ್ ನಡೆಯುವಾಗ ಏಜೆಂಟರ ಸ್ಕ್ರೀನಿನ ಒಂದು ಬದಿಯಲ್ಲಿ ಸಲಹೆ ಮೂಡುತ್ತದೆ: ಹೀಗೆ ಕೇಳಿ, ಈ ದಾಖಲೆಯ ಲಿಂಕ್ ನೋಡಿ. ಗ್ರಾಹಕನಿಗೆ ಅದು ಕಾಣುವುದಿಲ್ಲ. ತೆಗೆದುಕೊಳ್ಳಬಹುದು, ತಿದ್ದಿ ಕಳಿಸಬಹುದು, ಬಿಟ್ಟೇ ಬಿಡಬಹುದು. ಸರಾಸರಿ ನೋಡಿದರೆ ನೂರರಲ್ಲಿ 38 ಸಲಹೆಗಳನ್ನಷ್ಟೇ ಏಜೆಂಟರು ಪಾಲಿಸಿದರು. ಸಾಕಷ್ಟು ಹಳೆಯ ಉದಾಹರಣೆಗಳಿಲ್ಲದ ಕಡೆ ಯಂತ್ರ ಸುಮ್ಮನಿರುತ್ತಿತ್ತು. ನನಗೆ ಬಹಳ ಹಿಡಿಸಿದ ಗುಣ ಇದು. ಗೊತ್ತಿಲ್ಲದ ಕಡೆ ಬಾಯಿ ಮುಚ್ಚಿಕೊಳ್ಳುವ ಸಾಫ್ಟ್‌ವೇರನ್ನು ನಮಗೆ ಡೆಮೋ ಕೊಟ್ಟ ಮಾರಾಟಗಾರರ ಬಳಿ ನಾನು ಇನ್ನೂ ಹುಡುಕುತ್ತಿದ್ದೇನೆ.

ಎರಡು ತಿಂಗಳಿಗೆ ಆರು ತಿಂಗಳ ಅನುಭವ

ಎಲ್ಲರಿಗೂ ಒಂದೇ ದಿನ ಕೊಡದೆ ಬ್ಯಾಚ್ ಬ್ಯಾಚಾಗಿ ಕೊಟ್ಟದ್ದರಿಂದ ಸಂಶೋಧಕರಿಗೆ ಅನುಕೂಲವಾಯಿತು. ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರಿಗೆ ಯಂತ್ರ ಬಂದಿದೆ, ಇನ್ನೊಬ್ಬರಿಗೆ ಬಂದಿಲ್ಲ, ಹೋಲಿಸಬಹುದು. 5,000ಕ್ಕೂ ಹೆಚ್ಚು ಏಜೆಂಟರ ಸುಮಾರು 30 ಲಕ್ಷ ಚಾಟ್‌ಗಳನ್ನು ಅವರು ನೋಡಿದರು. ಗಂಟೆಗೆ ಬಗೆಹರಿಸುವ ಸಮಸ್ಯೆಗಳ ಸಂಖ್ಯೆ ಸರಾಸರಿ ಶೇ. 14 ಏರಿತ್ತು, ಮುದ್ರಿತ ಆವೃತ್ತಿಯಲ್ಲಿ ಅದು ಶೇ. 15 ಆಯಿತು. ಸುದ್ದಿಯಾದದ್ದು ಈ ಸಂಖ್ಯೆ. ಟ್ರೇನರ್ ಆದ ನನ್ನ ಕಣ್ಣು ನಿಂತದ್ದು ಬೇರೆ ಕಡೆ.

ಹೊಸಬರು ಮತ್ತು ಹಿಂದೆ ಬಿದ್ದವರಲ್ಲಿ ಏರಿಕೆ ಸರಾಸರಿಯ ಎರಡರಷ್ಟಿತ್ತು. ಮೊದಲ ಕರಡಿನ ಲೆಕ್ಕದಲ್ಲಿ ಶೇ. 34. ಹಳಬ ಗಟ್ಟಿಗರಲ್ಲಿ ವೇಗ ಅಷ್ಟಿಷ್ಟು ಹೆಚ್ಚಿತು, ಗುಣಮಟ್ಟ ತುಸು ಇಳಿಯಿತು. ಯಂತ್ರದ ಜೊತೆ ಎರಡು ತಿಂಗಳು ಕೆಲಸ ಮಾಡಿದವರು, ಯಂತ್ರವಿಲ್ಲದೆ ಆರು ತಿಂಗಳು ದಾಟಿದವರ ಮಟ್ಟಕ್ಕೆ ಬಂದಿದ್ದರು. ಅವರು ಟೈಪ್ ಮಾಡುವ ರೀತಿಯೇ ಗಟ್ಟಿಗರ ರೀತಿಗೆ ಹತ್ತಿರವಾಗುತ್ತ ಹೋಗಿತ್ತು. ಮ್ಯಾನೇಜರನ್ನು ಕರೆಯಿರಿ ಎಂದು ಗ್ರಾಹಕರು ಪಟ್ಟು ಹಿಡಿಯುವುದು ಸುಮಾರು ಕಾಲುಭಾಗ ಕಡಿಮೆಯಾಯಿತು. ಬೈಗುಳ ತಿಂದು ತಿಂದು ಮೂರನೇ ತಿಂಗಳಿಗೆ ಕ್ಯಾಬ್ ಹತ್ತುವುದನ್ನೇ ನಿಲ್ಲಿಸುವ ಮಕ್ಕಳನ್ನು ನಾನು ಕಂಡಿದ್ದೇನೆ. ಹಾಗಾಗಿ ಕೆಲಸ ಬಿಡುವ ಹೊಸಬರ ಸಂಖ್ಯೆ ಇಳಿದಂತೆ ಕಂಡಿತು ಎಂಬ ಸಾಲನ್ನು ಎರಡು ಸಲ ಓದಿದೆ.

ಇನ್ನೊಂದು ಚಿಕ್ಕ ವಿವರ. ದಿನಾ ಬರುವ ಸಮಸ್ಯೆಗಳಲ್ಲಿ ಯಂತ್ರದಿಂದ ಹೆಚ್ಚು ಲಾಭವಾಗಲಿಲ್ಲ, ಅವು ಎಲ್ಲರಿಗೂ ಗೊತ್ತಿದ್ದವು. ತೀರಾ ಅಪರೂಪದವುಗಳಲ್ಲೂ ಆಗಲಿಲ್ಲ, ಅವು ಯಂತ್ರಕ್ಕೇ ಗೊತ್ತಿರಲಿಲ್ಲ. ಲಾಭವಾದದ್ದು ನಡುವಿನವುಗಳಲ್ಲಿ: ಒಬ್ಬರಿಗೆ ತಿಂಗಳಿಗೊಮ್ಮೆ ಬಂದರೂ ಇಡೀ ಫ್ಲೋರಿಗೆ ದಿನಕ್ಕೆ ಹತ್ತು ಸಲ ಬರುವಂಥವು. ವೈ ಜ್ಯಾಕ್ ಮಾಡಲಾಗದ ಕೆಲಸವೂ ಇದೇ. ಪಕ್ಕದವರ ಕಿವಿಗೆ ಆ ರಾತ್ರಿ ಬಿದ್ದಷ್ಟೇ ನಮ್ಮ ಪಾಲಿಗೆ.

ಸಿಸ್ಟಮ್ ಡೌನ್

ಇಷ್ಟರಿಂದ ಜನ ಕಲಿತರು ಅಂತ ಹೇಳಲಾಗುವುದಿಲ್ಲ. ಕ್ಯಾಲ್ಕ್ಯುಲೇಟರ್ ಕೈಗೆ ಕೊಟ್ಟರೆ ಗುಣಾಕಾರ ಬೇಗ ಆಗುತ್ತದೆ, ಮಗ್ಗಿ ಬಂದಿರುವುದಿಲ್ಲ. ಲರ್ನಿಂಗ್ ಅಂಡ್ ಡೆವಲಪ್‌ಮೆಂಟ್ ಅಂತ ಬೋರ್ಡ್ ಹಾಕಿಕೊಂಡು ಕೂತ ನಮ್ಮಂಥವರು ಉತ್ಪಾದನೆಯ ಏರಿಕೆಯನ್ನೇ ಕಲಿಕೆ ಅಂತ ಸ್ಲೈಡ್ ಮಾಡಿ ತೋರಿಸುವುದು ಸುಲಭ. ನಾನೂ ತೋರಿಸಿದ್ದೇನೆ.

ಈ ಪ್ರಕರಣದಲ್ಲಿ ಅದಕ್ಕೊಂದು ಪರೀಕ್ಷೆ ತಾನಾಗಿ ಒದಗಿ ಬಂತು. ಸಾಫ್ಟ್‌ವೇರ್ ಅಂದಮೇಲೆ ಆಗಾಗ ಕೈಕೊಡುತ್ತದೆ. ಯಾರೂ ಮುಂಚೆ ಹೇಳದೆ ಸಲಹೆ ಬರುವುದು ನಿಂತುಬಿಡುತ್ತಿತ್ತು, ಚಾಟ್ ಮಾತ್ರ ನಡೆದೇ ಇರುತ್ತಿತ್ತು. ಆ ಹೊತ್ತಿನಲ್ಲಿ ಏಜೆಂಟರು ಹೇಗೆ ಕೆಲಸ ಮಾಡಿದರು ಎಂದು ಸಂಶೋಧಕರು ಬೇರೆಯಾಗಿ ತೆಗೆದು ನೋಡಿದರು. ಯಂತ್ರ ಇಲ್ಲದಿದ್ದರೂ ಅವರು ಹಳೆಯ ಮಟ್ಟಕ್ಕೆ ಜಾರಲಿಲ್ಲ. ಹೆಚ್ಚು ದಿನ ಬಳಸಿದವರಲ್ಲಿ ಹೆಚ್ಚು ಉಳಿದಿತ್ತು. ಸಲಹೆಗಳನ್ನು ಹೆಚ್ಚು ಪಾಲಿಸಿದವರಲ್ಲಿ ಇನ್ನೂ ಹೆಚ್ಚು.

ನನ್ನ ಮಟ್ಟಿಗೆ ಇಡೀ ಪ್ರಬಂಧದ ಹೃದಯ ಇದು. ಯಂತ್ರ ಇದ್ದಾಗ ಎಷ್ಟು ಅಂಕ ಅನ್ನುವುದು ಯಂತ್ರದ ಅಂಕಪಟ್ಟಿ. ಆರಿಸಿದಾಗ ಎಷ್ಟು ಅನ್ನುವುದು ಮನುಷ್ಯನದು. ನಮ್ಮ ಮೀಟಿಂಗಿನಲ್ಲಿ ಮಾರಾಟಗಾರರಿಗೆ ನಾನು ಕೇಳಿದ್ದು ಒಂದೇ: ಔಟೇಜ್ ದಿನದ, ಅಂದರೆ ಯಂತ್ರ ನಿಂತ ದಿನದ ಅಂಕಿ ಇದೆಯಾ? ಅವರು ಯಂತ್ರ ನಿಲ್ಲುವುದೇ ಇಲ್ಲ ಎಂಬ ಅಪ್‌ಟೈಮ್ ಗ್ಯಾರಂಟಿಯ ಬಗ್ಗೆ ಹತ್ತು ನಿಮಿಷ ಮಾತಾಡಿದರು.

ಪೋಲೆಂಡಿನ ಉಲ್ಟಾ ಕತೆ

ಫಿಲಿಪ್ಪೀನ್ಸಿನ ಕತೆ ಮಾತ್ರ ಹೇಳಿ ನಿಲ್ಲಿಸಿದ್ದರೆ ನನಗೂ ಹಾಯಾಗಿರುತ್ತಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪೋಲೆಂಡಿನ ವೈದ್ಯರ ಬಗ್ಗೆ ಒಂದು ವರದಿ ಬಂತು. ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ಗಂಟುಗಳನ್ನು ಹುಡುಕುವ ಕೊಲೊನೋಸ್ಕೋಪಿಗೆ ಅಲ್ಲಿನ ನಾಲ್ಕು ಕೇಂದ್ರಗಳಲ್ಲಿ 2021ರ ಕೊನೆಗೆ ಎಐ ತಂದಿದ್ದರು. ಗಂಟಿನ ಗುಮಾನಿ ಇದ್ದ ಕಡೆ ಯಂತ್ರ ಪರದೆಯ ಮೇಲೆ ಗುರುತು ಹಾಕಿ ತೋರಿಸುತ್ತದೆ. ಕೆಲವು ತಪಾಸಣೆ ಎಐ ಇಟ್ಟುಕೊಂಡು ನಡೆಯುತ್ತಿತ್ತು, ಕೆಲವು ಇಲ್ಲದೆ. ಎಐ ಇಲ್ಲದೆ ಮಾಡಿದ 1,443 ತಪಾಸಣೆಗಳನ್ನಷ್ಟೇ ತೆಗೆದು ನೋಡಿದರು. ಎಐ ಬರುವ ಮುಂಚೆ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು ಪತ್ತೆಯಾಗುತ್ತಿದ್ದದ್ದು ಶೇ. 28.4 ರೋಗಿಗಳಲ್ಲಿ. ಎಐ ರೂಢಿಯಾದ ಮೇಲೆ, ಅದೇ ವೈದ್ಯರು ಅದಿಲ್ಲದೆ ನೋಡಿದಾಗ ಶೇ. 22.4. ಇವರು ಹೊಸಬರಲ್ಲ, 19 ವೈದ್ಯರು, ಒಬ್ಬೊಬ್ಬರೂ 2,000ಕ್ಕಿಂತ ಹೆಚ್ಚು ತಪಾಸಣೆ ಮಾಡಿದವರು.

ಇದು ಪ್ರಯೋಗ ಅಲ್ಲ, ನಡೆದದ್ದನ್ನು ನೋಡಿ ಬರೆದದ್ದು. ಕೆಲಸದ ಒತ್ತಡವೋ ರೋಗಿಗಳ ವ್ಯತ್ಯಾಸವೋ ಕಾರಣವಾಗಿರಬಹುದು ಎಂಬ ಆಕ್ಷೇಪಕ್ಕೆ ಜಾಗವಿದೆ. ಅದನ್ನು ಒಪ್ಪಿಕೊಂಡೇ ಕೇಳುತ್ತೇನೆ: ಒಂದು ಕಡೆ ಆರಿಸಿದ ಮೇಲೂ ಉಳಿಯಿತು, ಇನ್ನೊಂದು ಕಡೆ ಇದ್ದದ್ದೂ ಕರಗಿತು, ಯಾಕೆ?

ನನ್ನ ಊಹೆ ಹೀಗಿದೆ. ಚಾಟಿನಲ್ಲಿ ಸಲಹೆ ಮಾತಿನ ರೂಪದಲ್ಲಿ ಬರುತ್ತದೆ. ಓದಬೇಕು, ಈ ಗ್ರಾಹಕನಿಗೆ ಹೊಂದುತ್ತದಾ ಅಂತ ತೂಗಬೇಕು, ತಿದ್ದಬೇಕು, ತನ್ನ ಹೆಸರಲ್ಲಿ ಕಳಿಸಬೇಕು. ಏನು ಕೇಳಬೇಕು ಅನ್ನುವುದರ ಜೊತೆಗೆ ಹೇಗೆ ಕೇಳಬೇಕು ಅನ್ನುವುದೂ ಆ ಸಾಲಿನೊಳಗೇ ಇರುತ್ತದೆ. ಪರದೆಯ ಮೇಲಿನ ಗುರುತು ಹಾಗಲ್ಲ. ಇಲ್ಲಿದೆ ಅನ್ನುತ್ತದೆ, ಯಾಕೆ ಅನ್ನುವುದಿಲ್ಲ. ಕಣ್ಣು ಹುಡುಕುವುದನ್ನು ಬಿಟ್ಟು ಗುರುತಿಗಾಗಿ ಕಾಯುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಗೂಗಲ್ ಮ್ಯಾಪ್ ನೋಡಿಕೊಂಡು ಐದು ವರ್ಷದಿಂದ ಒಂದೇ ಆಫೀಸಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಫಿಲಿಪ್ಪೀನ್ಸಿನ ಹೊಸಬರಿಗೆ ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ಪೋಲೆಂಡಿನ ಪಳಗಿದವರಿಗೆ ಇತ್ತು. ಫಿಲಿಪ್ಪೀನ್ಸಿನ ಹಳಬರ ಗುಣಮಟ್ಟವೂ ತುಸು ಇಳಿದಿತ್ತು ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ.

ಕಲಿಸಿದವರಿಗೆ ಏನು ಸಿಕ್ಕಿತು

ಪ್ರಬಂಧದಲ್ಲಿ ಹೆಚ್ಚು ಜಾಗ ಸಿಗದಿದ್ದರೂ ನನ್ನನ್ನು ಬಿಡದೆ ಕಾಡಿದ ವಿಷಯ ಇದು. ಯಂತ್ರ ಕಲಿತದ್ದು ಗಟ್ಟಿಗರ ಚಾಟ್‌ಗಳಿಂದ. ಅದರ ಲಾಭ ಹೊಸಬರಿಗೆ, ಕಂಪನಿಗೆ, ಗ್ರಾಹಕರಿಗೆ. ಗಟ್ಟಿಗರಿಗೆ? ಅವರ ಅರಿವು ಅವರಿಗೇ ಗೊತ್ತಾಗದಂತೆ ಎಲ್ಲರ ಸ್ಕ್ರೀನಿಗೆ ಹೋಯಿತು. ಇದಕ್ಕೆ ಪ್ರತಿಫಲ ಇರಬೇಕಲ್ಲವೇ ಎಂಬ ಪ್ರಶ್ನೆಯನ್ನು ಲೇಖಕರೇ ಎತ್ತಿದ್ದಾರೆ. ಬೋನಸ್ಸನ್ನು ಸಹೋದ್ಯೋಗಿಗಳಿಗೆ ಹೋಲಿಸಿ ಕೊಡುವ ಕಡೆ ಪರಿಸ್ಥಿತಿ ಇನ್ನೂ ವಿಚಿತ್ರ. ಫ್ಲೋರಿನ ಸರಾಸರಿ ಏರಿದಷ್ಟೂ ಮೇಲಿನವರ ಅಂತರ ಕುಗ್ಗುತ್ತದೆ. ತಾನು ಕಲಿಸಿದ್ದಕ್ಕೆ ತನ್ನದೇ ಬೋನಸ್ ಕಡಿಮೆ.

ವೈ ಜ್ಯಾಕ್ ಕಾಲದಲ್ಲಿ ಇದಕ್ಕೊಂದು ಲೆಕ್ಕವಿತ್ತು. ಪಕ್ಕದಲ್ಲಿ ಹೊಸಬರನ್ನು ಕೂರಿಸಿಕೊಂಡ ರಾತ್ರಿ ಹಳಬರ ಟಾರ್ಗೆಟ್ ಇಳಿಸುತ್ತಿದ್ದೆವು, ತಿಂಗಳ ಕೊನೆಗೆ ಬಡ್ಡಿ (ಇಂಗ್ಲಿಷಿನ buddy, ಜೊತೆಗಾರ) ಅಲವೆನ್ಸ್ ಅಂತ ಒಂದಿಷ್ಟು ಕೊಡುತ್ತಿದ್ದೆವು. ದೊಡ್ಡ ಮೊತ್ತವೇನಲ್ಲ. ಆದರೆ ಸ್ಯಾಲರಿ ಸ್ಲಿಪ್ಪಿನಲ್ಲಿ ಒಂದು ಸಾಲು ಇರುತ್ತಿತ್ತು, ಇವರು ಕಲಿಸಿದರು ಅಂತ.

ತುಪ್ಪಕ್ಕೆ ಎಷ್ಟು?

ಈಗ ನಮ್ಮಲ್ಲೇ ಆದ ಎಡವಟ್ಟು. ನಾನಿರುವ ಕಂಪನಿ ಅಂಗಡಿಯವರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುತ್ತದೆ. ಕನ್ನಡ, ಹಿಂದಿ, ತಮಿಳು, ತೆಲುಗಿನಲ್ಲಿ ಸಪೋರ್ಟ್ ಇದೆ. ಮೇಲಿನ ಪ್ರಕರಣವನ್ನೇ ಮಾದರಿಯಾಗಿಟ್ಟುಕೊಂಡು, ಅತ್ಯುತ್ತಮ ಸೀನಿಯರ್‌ಗಳ ಹಳೆಯ ಚಾಟ್‌ಗಳನ್ನು ಸಹಾಯಕಕ್ಕೆ ಕೊಟ್ಟೆವು. ಹೊಸ ಬ್ಯಾಚಿನ ಮಾಡ್ಯೂಲ್ ಮತ್ತು ಕ್ವಿಜ್‌ಗಳನ್ನೂ ಅದರಿಂದಲೇ ಬರೆಸಿದೆವು. ಮೊದಲಾದರೆ ಒಂದು ಮಾಡ್ಯೂಲ್ ಸಿದ್ಧ ಮಾಡಲು ನಮಗೆ ವಾರಗಟ್ಟಲೆ ಹಿಡಿಯುತ್ತಿತ್ತು. ಅದು ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಎಲ್ಲರಿಗೂ ಖುಷಿ, ನನಗೂ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಬಹುಪಾಲು ಸರಕುಗಳಿಗೆ 12 ಮತ್ತು 28ರ ಸ್ಲ್ಯಾಬ್ ಹೋಗಿ 5 ಮತ್ತು 18 ಉಳಿದವು. ಬೆಣ್ಣೆ, ತುಪ್ಪ 12ರಿಂದ 5ಕ್ಕೆ ಇಳಿದವು. ನಮ್ಮ ಸಾಫ್ಟ್‌ವೇರಿನ ದರಪಟ್ಟಿಯನ್ನು ರಾತ್ರೋರಾತ್ರಿ ಬದಲಾಯಿಸಿದರು. ಸಹಾಯಕದ ಹೊಟ್ಟೆಯಲ್ಲಿದ್ದ ಹಳೆಯ ಚಾಟ್‌ಗಳ ನೆನಪು ಯಾರಿಗೂ ಆಗಲಿಲ್ಲ.

ಅಕ್ಟೋಬರಿನ ಬ್ಯಾಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಅಪ್ಪನದು ಹಾಸನ ಜಿಲ್ಲೆಯ ಒಂದು ಊರಿನಲ್ಲಿ ದಿನಸಿ ಅಂಗಡಿ. ಅಂಗಡಿಯವರು ತುಪ್ಪದ ಬಿಲ್ಲಿನ ಬಗ್ಗೆ ಕೇಳಿದರೆ ಅದರಲ್ಲಿ ಎಷ್ಟು ದರ ಇರಬೇಕು ಅಂತ ಹೇಳಬೇಕು ಎಂಬುದು ಕ್ವಿಜ್ಜಿನ ಒಂದು ಪ್ರಶ್ನೆ. ಅವಳು 5 ಅಂತ ಒತ್ತಿದಳು. ಕ್ವಿಜ್ ಕೆಂಪು ತೋರಿಸಿ, ಸರಿ ಉತ್ತರ 12 ಅಂದಿತು. ಮೇಲೆ ಎರಡು ಸಾಲಿನ ವಿವರಣೆ ಬೇರೆ, ಬಹಳ ಚೆಂದದ ಕನ್ನಡದಲ್ಲಿ, ನಮ್ಮ ಅತ್ಯುತ್ತಮ ಸೀನಿಯರ್ ಮಾತಾಡಿದ ಹಾಗೇ. ಅಂಥವೇ ಇನ್ನೂ ಮೂರು ನಾಲ್ಕು ಪ್ರಶ್ನೆಗಳಿದ್ದವು. ಅವಳು ಫೇಲ್. ಅಂಕ ತಾನೇ ತಾನಾಗಿ ಟೀಮ್ ಲೀಡ್‌ನ ಡ್ಯಾಶ್‌ಬೋರ್ಡಿಗೆ ಹೋಗಿ, ಅವಳ ಹೆಸರಿನ ಮುಂದೆ ಕೋಚಿಂಗ್ ಬೇಕು ಎಂಬ ಹಳದಿ ಚುಕ್ಕೆ ಕೂತಿತು.

ಮೂರು ದಿನ ಅವಳು ಏನೂ ಹೇಳಲಿಲ್ಲ. ನಾಲ್ಕನೇ ದಿನ ಕಾಫಿ ಮಷಿನ್ ಹತ್ತಿರ ನನ್ನನ್ನು ನಿಲ್ಲಿಸಿ, "ಸಾರ್, ಒಂದು ಡೌಟು. ನಮ್ಮಪ್ಪ ಅಂಗಡೀಲಿ ತುಪ್ಪಕ್ಕೆ ಐದೇ ಹಾಕ್ತಿದಾರೆ. ಅವರದ್ದು ತಪ್ಪಾ?" ಅಂದಳು.

ಅದೇ ಬ್ಯಾಚಿನ ಉಳಿದವರು 12 ಅಂತ ಒತ್ತಿ ಪಾಸಾಗಿದ್ದರು. ಅವರಲ್ಲಿ ಕೆಲವರಿಗಾದರೂ ಹೊಸ ದರ ಗೊತ್ತಿತ್ತು ಅಂತ ಆಮೇಲೆ ತಿಳಿಯಿತು. ಯಾಕೆ ಹಾಗೆ ಒತ್ತಿದಿರಿ ಅಂದರೆ, ಸಿಸ್ಟಮ್ ಹೇಳುತ್ತಿದೆ ಅಂದಮೇಲೆ ಸರಿಯೇ ಇರಬೇಕು ಅಂದುಕೊಂಡೆವು ಎಂದರು. ತಪ್ಪು ದರಕ್ಕಿಂತ ಈ ಮಾತು ನನಗೆ ಹೆಚ್ಚು ಚುಚ್ಚಿತು.

ಸೀನಿಯರ್‌ಗಳ ಚಾಟ್ ತಪ್ಪಾಗಿರಲಿಲ್ಲ. ಅವರು ಬರೆದ ದಿನ ಅದು ಸರಿಯೇ. ಗಟ್ಟಿಗರ ಅರಿವನ್ನು ಹೆಕ್ಕಿ ಒಂದು ಡಬ್ಬದಲ್ಲಿ ತುಂಬಿಸಿಟ್ಟರೆ ಅದಕ್ಕೂ ಉಪ್ಪಿನಕಾಯಿ ಭರಣಿಯ ಮೇಲೆ ಬರೆಯುವ ಹಾಗೆ ತಾರೀಕು ಬರೆಯಬೇಕು. ನಾವು ಬರೆದಿರಲಿಲ್ಲ. ಅಮೆರಿಕದ ಆ ಪ್ರಕರಣದ ಮುಂದೆಯೂ ಇದೇ ಪ್ರಶ್ನೆ ನಿಂತಿದೆ. ಎಲ್ಲರೂ ಯಂತ್ರದ ಸಲಹೆಯನ್ನೇ ಕಳಿಸುತ್ತ ಹೋದರೆ, ನಾಳೆ ಹೊಸ ತೊಂದರೆ ಬಂದಾಗ ಮನೆ ಕ್ಲೀನ್ ಮಾಡಿದಿರಾ ಅಂತ ಮೊದಲ ಸಲ ಕೇಳುವವರು ಯಾರು?

ಆ ಹಳದಿ ಚುಕ್ಕೆ

ದರಪಟ್ಟಿಯನ್ನು ಒಂದು ದಿನದಲ್ಲಿ ಸರಿ ಮಾಡಿದೆವು. ಹಳದಿ ಚುಕ್ಕೆ ತೆಗೆಯಲು ಹನ್ನೊಂದು ದಿನ ಹಿಡಿಯಿತು. ಅದನ್ನು ಯಾರು ಹಾಕಿದರು, ಯಾರು ತೆಗೆಯಬಹುದು ಎಂಬುದೇ ಸ್ಪಷ್ಟವಿರಲಿಲ್ಲ. ಮಾರಾಟಗಾರರು ಎಚ್‌ಆರ್ ಕಡೆ ಕೈ ತೋರಿಸಿದರು, ಎಚ್‌ಆರ್‌ನವರು ನನ್ನ ಕಡೆ.

ಕಲಿಯುವ ಜಾಗದಲ್ಲಿ ಮಾಡಿದ ತಪ್ಪು ಅಪ್ರೈಸಲ್ ಮಾಡುವವರ ಕಣ್ಣಿಗೆ ಬೀಳುತ್ತದೆ ಅಂತ ಗೊತ್ತಾದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ವೈ ಜ್ಯಾಕಿನಲ್ಲಿ ಹೊಸಬರ ಮೈಕ್ ಮ್ಯೂಟ್ ಆಗಿರುತ್ತಿದ್ದದ್ದು ಕೇವಲ ಗ್ರಾಹಕರ ಅನುಕೂಲಕ್ಕಲ್ಲ. ದಡ್ಡ ಪ್ರಶ್ನೆ ಕೇಳಿದರೂ ಅದು ರೆಕಾರ್ಡಿಗೆ ಹೋಗುತ್ತಿರಲಿಲ್ಲ.

ಕಾನೂನು ನೋಡಿಕೊಳ್ಳುತ್ತದೆ ಅಂತ ಕೂರುವ ಹಾಗಿಲ್ಲ. ಯುರೋಪಿನ ಎಐ ಕಾಯ್ದೆಯಲ್ಲಿ ನೌಕರರ ಮುಖ, ದನಿ ನೋಡಿ ಅವರ ಭಾವನೆ ಅಳೆಯುವ ಯಂತ್ರಗಳನ್ನು ಕೆಲಸದ ಜಾಗದಲ್ಲಿ ಬಳಸಕೂಡದೆಂಬ ನಿಷೇಧ 2025ರ ಫೆಬ್ರುವರಿ 2ರಿಂದ ಜಾರಿಗೆ ಬಂದಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗಷ್ಟೇ ವಿನಾಯಿತಿ. ನೌಕರರನ್ನು ಅಳೆಯುವ ವ್ಯವಸ್ಥೆಗಳನ್ನು ಹೆಚ್ಚು ಅಪಾಯದವು ಎಂದು ಅಲ್ಲಿ ವರ್ಗ ಮಾಡಿದ್ದಾರೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದೆ, ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಗಡುವು. ಆದರೆ ಆ ಕಾಯ್ದೆಯ 7ನೇ ಸೆಕ್ಷನ್ ಉದ್ಯೋಗದ ಉದ್ದೇಶಕ್ಕೆ ನೌಕರರ ದತ್ತಾಂಶವನ್ನು ಅವರ ಒಪ್ಪಿಗೆ ಇಲ್ಲದೆಯೂ ಬಳಸಲು ಮಾಲೀಕರಿಗೆ ಅವಕಾಶ ಕೊಡುತ್ತದೆ. ಹೊಸಬಳ ಕ್ವಿಜ್ ಅಂಕ ಯಾರ ಡ್ಯಾಶ್‌ಬೋರ್ಡಿಗೆ ಹೋಗಬೇಕು ಅನ್ನುವುದನ್ನು ಕೊನೆಗೂ ತೀರ್ಮಾನಿಸುವುದು ನಮ್ಮಂಥವರು ಕೂತ ಒಂದು ಮೀಟಿಂಗ್ ರೂಮು.

ಬುಧವಾರದ ಒಂದು ಗಂಟೆ

ನಾವು ಮಾಡಿಕೊಂಡ ಬದಲಾವಣೆಗಳಲ್ಲಿ ಕೆಲವು ಬೇಗ ಹೇಳಿ ಮುಗಿಸುವಂಥವು. ಕಲಿಕೆಯ ಅಂಕಗಳು ಈಗ ಟೀಮ್ ಲೀಡ್‌ಗಳಿಗೆ ಕಾಣುವುದಿಲ್ಲ, ಟ್ರೇನರ್‌ಗಳ ಬಳಿ ಮಾತ್ರ ಇರುತ್ತವೆ, ಬ್ಯಾಚ್ ಮುಗಿದ ಮೇಲೆ ಅಳಿಸುತ್ತೇವೆ. ಸಹಾಯಕಕ್ಕೆ ಕೊಡುವ ಪ್ರತಿ ಚಾಟ್‌ಗೂ ತಾರೀಕು ಇರಬೇಕು. ದರ, ನಿಯಮ ಬದಲಾದ ದಿನ ಅದಕ್ಕೆ ಹಿಂದಿನವನ್ನು ತೆಗೆದಿಡುವ ಹೊಣೆ ಒಬ್ಬರ ಹೆಸರಿನಲ್ಲಿದೆ. ಕ್ವಿಜ್ಜಿನ ಪ್ರತಿ ಪ್ರಶ್ನೆಯ ಕೆಳಗೆ "ಇದು ತಪ್ಪು ಅನಿಸುತ್ತದೆ" ಎಂಬ ಗುಂಡಿ ಇದೆ. ಒತ್ತಿದವರು ಸರಿಯಾಗಿದ್ದರೆ ಬ್ಯಾಚಿನ ಮುಂದೆ ಹೆಸರು ಹೇಳುತ್ತೇವೆ.

ಮೊದಲ ಆರು ವಾರ ಸಹಾಯಕ ನೇರ ಉತ್ತರ ಕೊಡುವುದಿಲ್ಲ, ಗ್ರಾಹಕರಿಗೆ ಮೊದಲು ಏನು ಕೇಳುತ್ತೀರಿ ಅಂತ ಮರುಪ್ರಶ್ನೆ ಹಾಕುತ್ತದೆ. ಇದಕ್ಕೆ ಧೈರ್ಯ ಕೊಟ್ಟದ್ದು ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಗಣಿತದಲ್ಲಿ ನಡೆದ ಪ್ರಯೋಗ. ಸಾದಾ ಜಿಪಿಟಿ-4 ಇಟ್ಟುಕೊಂಡು ಅಭ್ಯಾಸ ಮಾಡಿದವರ ಅಭ್ಯಾಸದ ಅಂಕ ಶೇ. 48 ಏರಿತು, ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಎಂದೂ ಬಳಸದವರಿಗಿಂತ ಶೇ. 17 ಹಿಂದೆ ಬಿದ್ದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ತಿದ್ದಿದ್ದನ್ನು ಬಳಸಿದವರಲ್ಲಿ ಈ ನಷ್ಟ ಹೆಚ್ಚುಕಡಿಮೆ ಕಾಣಲಿಲ್ಲ.

ಇನ್ನು ಬುಧವಾರ. ಫಿಲಿಪ್ಪೀನ್ಸಿನಲ್ಲಿ ಅಕಸ್ಮಾತ್ತಾಗಿ ಆದದ್ದನ್ನು ನಾವು ಬೇಕೆಂದೇ ಮಾಡುತ್ತೇವೆ. ಬುಧವಾರ ಬೆಳಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ಸಹಾಯಕ ಬಂದ್, ಸೀನಿಯರ್‌ಗಳಿಗೂ. ಆಪರೇಷನ್ಸ್‌ನವರು ಕುಣಿದಾಡಿದರು, ಆ ಗಂಟೆಯ ಟಾರ್ಗೆಟ್ ಇಳಿಸಿಕೊಟ್ಟ ಮೇಲೆ ಸುಮ್ಮನಾದರು. ಮೊದಲ ಬುಧವಾರ ನಾನು ಫ್ಲೋರಿನಲ್ಲೇ ನಿಂತಿದ್ದೆ. ಕೀಬೋರ್ಡಿನ ಸದ್ದು ಅರ್ಧಕ್ಕೆ ಇಳಿಯಿತು. ಹೊಸ ಹುಡುಗನೊಬ್ಬ ಒಂದು ಸಾಲು ಟೈಪ್ ಮಾಡಿ ಅಳಿಸಿದ, ಮತ್ತೆ ಮಾಡಿದ, ಮತ್ತೆ ಅಳಿಸಿದ. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ಜಾರಿಸಿ, ಪಕ್ಕದ ಸೀಟಿನವರಿಗೆ, "ಅಕ್ಕಾ, ಪ್ರಿಂಟ್ ಬರ್ತಿಲ್ಲ ಅಂತಿದಾರೆ, ಮೊದಲು ಏನ್ ಕೇಳ್ಬೇಕು?" ಅಂದ. ಅವರು ತಮ್ಮ ಸ್ಕ್ರೀನಿನಿಂದ ಕಣ್ಣು ತೆಗೆಯದೆ, "ರೋಲ್ ಉಲ್ಟಾ ಹಾಕಿದಾರಾ ಕೇಳು. ಅಂಗಡಿ ಹುಡುಗ ಹೊಸಬ ಆಗಿದ್ರೆ ಅದೇ" ಅಂದರು.

ಥರ್ಮಲ್ ಪೇಪರಿಗೆ ಒಂದೇ ಮಗ್ಗುಲಲ್ಲಿ ಅಚ್ಚು ಮೂಡುತ್ತದೆ. ರೋಲ್ ತಿರುಗುಮುರುಗಾಗಿ ಹಾಕಿದರೆ ಪೇಪರ್ ಖಾಲಿ ಬರುತ್ತದೆ. ಇದು ನಮ್ಮ ಸಹಾಯಕದಲ್ಲಿ ಇದೆಯಾ ಅಂತ ಆಮೇಲೆ ಹುಡುಕಿದೆ. ರೋಲ್ ನೋಡಿ ಅನ್ನುವುದು ಇತ್ತು, ಅಂಗಡಿ ಹುಡುಗ ಹೊಸಬನಾ ಅನ್ನುವುದು ಇರಲಿಲ್ಲ.

ಆ ಅಕ್ಕನ ಚಾಟ್‌ಗಳೇ ನಮ್ಮ ಸಹಾಯಕಕ್ಕೆ ಹೆಚ್ಚು ಹೋಗಿರುವುದು. ಮುಂದಿನ ವಾರ ಅವರು ನನ್ನ ಬಳಿ ಬಂದು, "ಸಾರ್, ನನ್ನ ಚಾಟ್ ಎಲ್ಲಾ ತಗೊಂಡು ಇದಕ್ಕೆ ಕಲಿಸಿದೀರ. ಈಗ ಎಲ್ಲರದ್ದೂ ನನ್ನಷ್ಟೇ ಸ್ಕೋರ್ ಬರ್ತಿದೆ. ಈ ಕ್ವಾರ್ಟರ್ ನನ್ನ ರ್‍ಯಾಂಕಿಂಗ್ ಇಳಿದಿದೆ. ಏನ್ ಮಾಡ್ತೀರಾ?" ಅಂತ ಕೇಳಿದರು. ಜಗಳದ ದನಿ ಇರಲಿಲ್ಲ. ಹಳೆಯ ಬಡ್ಡಿ ಅಲವೆನ್ಸಿನ ಮಾದರಿಯಲ್ಲೇ ಒಂದು ಪ್ರಸ್ತಾವ ಬರೆದೆ: ಯಾರ ಚಾಟ್‌ಗಳಿಂದ ಸಹಾಯಕ ಕಲಿಯುತ್ತದೋ ಅವರಿಗೆ ತಿಂಗಳಿಗೊಂದು ಮೊತ್ತ, ರ್‍ಯಾಂಕಿಂಗಿನಲ್ಲಿ ಹೋಲಿಕೆಯಿಂದ ವಿನಾಯಿತಿ, ಬೇಡ ಅಂದರೆ ತಮ್ಮ ಚಾಟ್ ವಾಪಸ್ ತೆಗೆಸುವ ಹಕ್ಕು. ಎಚ್‌ಆರ್‌ನವರು ಸಹಿ ಹಾಕಿದ್ದಾರೆ. ಫೈನಾನ್ಸ್‌ನಿಂದ ಎರಡು ಸಲ ಮೇಲ್ ವಾಪಸ್ ಬಂತು, ಇದನ್ನು ಯಾವ ಹೆಡ್ಡಿನಲ್ಲಿ ತೋರಿಸಬೇಕು ಅಂತ. ಟ್ರೇನಿಂಗ್ ಖರ್ಚು ಅಂತ ಬರೆದು ಮೂರನೇ ಸಲ ಕಳಿಸಿದ್ದೇನೆ.